ಇಂಜಿನ್ ಕೇಸ್‌ಗೆ ಯಾವ ಸೀಲೆಂಟ್? ಪೆಟ್ರೋಲ್ ತಾಗುವ ಜಾಗ ಬೇರೆ, ಆಯಿಲ್ ತಾಗುವ ಜಾಗ ಬೇರೆ

ಸೀಲೆಂಟ್ ಎಂದರೆ ಇಂಜಿನ್ ಕೇಸಿನ ಹೋಳುಗಳ ಸಂದಿ ಸೋರದಂತೆ ಹಚ್ಚುವ ಗಮ್. ಅದರ ಟ್ಯೂಬಿನ ಮುಚ್ಚಳ ತೆಗೆದು ಒಂದು ಚುಕ್ಕೆ ಹೊರಗೆ ಹಿಂಡಿ, ವಾಸನೆ ನೋಡಿ. ವಿನೆಗರ್ ತರಹ ಹುಳಿ ಘಾಟು ಬಂದರೆ ಆ ಸಿಲಿಕೋನನ್ನು ಇಂಜಿನ್ ಕೇಸಿನ ಹತ್ತಿರ ತರಬೇಡಿ. ಕಿಟಕಿ ಗಾಜು, ಮೀನಿನ ತೊಟ್ಟಿ, ಬಾತ್‌ರೂಮ್ ಸಂದಿಗೆ ಹಾಕುವ ಅಗ್ಗದ ಸಿಲಿಕೋನ್‌ಗಳು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತವೆ. ಗಾಜಿಗೆ ಅದರಿಂದ ತೊಂದರೆಯಿಲ್ಲ. ಅಲ್ಯೂಮಿನಿಯಂ ಮೈಯಲ್ಲಿ ಬಿಳಿ ಹುಡಿ ಏಳುತ್ತದೆ, ತಾಮ್ರ ಹಿತ್ತಾಳೆ ಹಸಿರಾಗುತ್ತವೆ, ಮೆಗ್ನೀಸಿಯಂ ಕವರ್ ಇದ್ದರೆ ಇನ್ನೂ ಬೇಗ ಕೆಡುತ್ತದೆ. ಜಾಯಿಂಟಿನ ಒಳಗೇ ಹುಡಿ ಎದ್ದರೆ ಸಿಲಿಕೋನಿಗೆ ಹಿಡಿದುಕೊಳ್ಳಲು ಲೋಹವೇ ಸಿಗುವುದಿಲ್ಲ. ಹೊರಗಿನಿಂದ ಎಲ್ಲ ಸರಿಯಾಗಿ ಕಾಣುತ್ತಿರುತ್ತದೆ, ಆಯಿಲ್ ಮಾತ್ರ ಜಿನುಗುತ್ತಿರುತ್ತದೆ.

ಇಂಜಿನ್ನಿಗೆ ಸಿಲಿಕೋನೇ ಹಾಕುವುದಾದರೆ ಬೇಕಾದದ್ದು ನ್ಯೂಟ್ರಲ್ ಕ್ಯೂರ್, ಅಂದರೆ ಗಟ್ಟಿಯಾಗುವಾಗ ಆಮ್ಲ ಬಿಡದ ಸಿಲಿಕೋನ್. ಇದರಲ್ಲಿ ಆಕ್ಸಿಮ್, ಆಲ್ಕಾಕ್ಸಿ ಎಂಬ ಎರಡು ಬಗೆ ಸಾಮಾನ್ಯ. ಎರಡೂ ಅಲ್ಯೂಮಿನಿಯಂ ಕೇಸನ್ನು ತಿನ್ನುವುದಿಲ್ಲ. ಟ್ಯೂಬಿನ ಮೇಲೆ 'ಸೆನ್ಸರ್ ಸೇಫ್' ಎಂದಿದ್ದರೆ ಇನ್ನೂ ಒಳ್ಳೆಯದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕುಗಳಲ್ಲಿ ಬಹುಪಾಲಿನವುಗಳ ಸೈಲೆನ್ಸರ್ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಹಸಿ ಸಿಲಿಕೋನಿನ ಆವಿ ಬ್ರೀದರ್ ಪೈಪಿನಿಂದ (ಕೇಸಿನ ಒಳಗಿನ ಒತ್ತಡ ಹೊರಹೋಗುವ ಪೈಪು) ಏರ್ ಬಾಕ್ಸಿಗೆ ಹೋಗಿ, ಸಿಲಿಂಡರಿನಲ್ಲಿ ಉರಿದು, ಸಿಲಿಕಾ ಆಗಿ ಸೆನ್ಸರಿನ ಮೇಲೆ ಕೂರುತ್ತದೆ. ಅದನ್ನು ತೊಳೆದು ತೆಗೆಯಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು.

ಆಕ್ಸಿಮ್ ಬಗೆಯದು ಅಲ್ಯೂಮಿನಿಯಂಗೆ ಸೌಮ್ಯ ಎಂದ ಮಾತ್ರಕ್ಕೆ ಮನುಷ್ಯನಿಗೂ ಸೌಮ್ಯ ಎಂದುಕೊಳ್ಳಬೇಡಿ. ಅದು ಬಿಡುವ ಮೀಥೈಲ್ ಎಥೈಲ್ ಕೀಟಾಕ್ಸಿಮ್ ಅನ್ನು ಯುರೋಪಿಯನ್ ಒಕ್ಕೂಟ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿದೆ. ಶಟರ್ ಎಳೆದುಕೊಂಡು ಕೆಲಸ ಮಾಡಬೇಡಿ, ಬರಿ ಬೆರಳಿನಲ್ಲಿ ಸವರಬೇಡಿ. ನೈಟ್ರೈಲ್ ಗ್ಲೌಸ್‌ಗೆ ಹೆಚ್ಚು ಖರ್ಚಿಲ್ಲ.

ಬಣ್ಣ ನೋಡಿ ಸೀಲೆಂಟ್ ಕೊಳ್ಳುವುದು ನಮ್ಮಲ್ಲಿ ರೂಢಿ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ನಿಂತು "ಗ್ರೇ ಕೊಡಿ", "ರೆಡ್ ಕೊಡಿ" ಎನ್ನುತ್ತೇವೆ. ಕೆಂಪು ಎಂದರೆ ಹೆಚ್ಚು ಬಿಸಿ, ಕಪ್ಪು ಎಂದರೆ ಆಯಿಲ್, ಬೂದು ಎಂದರೆ ಬಿಗಿ ಜಾಯಿಂಟ್ ಎಂಬುದು ಕೆಲವು ಕಂಪನಿಗಳು ತಮ್ಮ ಮಾಲಿಗೆ ಇಟ್ಟುಕೊಂಡ ಗುರುತು ಅಷ್ಟೆ. ಬೇರೆ ಕಂಪನಿ ಅದೇ ಬಣ್ಣದಲ್ಲಿ ಬೇರೆಯದೇ ಸರಕು ತುಂಬಿರಬಹುದು. ಹಾಗಾಗಿ ಬಣ್ಣ ಬಿಡಿ. ಈ ಜಾಯಿಂಟಿನ ಒಳಮೈಗೆ ತಾಗುವುದು ಏನು, ಪೆಟ್ರೋಲೋ, ಇಂಜಿನ್ ಆಯಿಲೋ, ಗೇರ್ ಆಯಿಲೋ, ಕೂಲೆಂಟೋ? ಅದು ಗೊತ್ತಾದರೆ ಅರ್ಧ ಆಯ್ಕೆ ಮುಗಿದಂತೆ.

ಪೆಟ್ರೋಲ್ ತಾಗುವ ಕೇಸ್ ಎಂದರೆ ಟೂ ಸ್ಟ್ರೋಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಮತ್ತೆ ಕಟ್ಟುವವರು ನಮ್ಮಲ್ಲಿ ಬಹಳ ಮಂದಿ. ಯಮಹಾ ಆರ್‌ಎಕ್ಸ್ 100 ಕಟ್ಟುವವರು ಇನ್ನೂ ಹೆಚ್ಚು. ಈ ಇಂಜಿನ್‌ಗಳಲ್ಲಿ ಪೆಟ್ರೋಲ್, ಗಾಳಿ, 2ಟಿ (ಟೂ ಸ್ಟ್ರೋಕ್) ಆಯಿಲ್ ಮೂರೂ ಕ್ರ್ಯಾಂಕ್ ಚೇಂಬರ್, ಅಂದರೆ ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯ ಮೂಲಕವೇ ಮೇಲೆ ಹೋಗುತ್ತವೆ. ಪಿಸ್ಟನ್ ಮೇಲೆ ಹೋದಾಗ ಚೇಂಬರ್ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಹೀಗೆ ಪ್ರತಿ ಸುತ್ತಿಗೂ ಜಾಯಿಂಟು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ದುಡಿಯುತ್ತದೆ. ಹೊರಗಿನ ಗಾಳಿ ಕೂದಲೆಳೆಯಷ್ಟು ಸಂದಿಯಲ್ಲಿ ಒಳಗೆ ನುಗ್ಗಿದರೂ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಕೂಗುತ್ತಾ ನಿಲ್ಲುವುದು ಇದರ ಮೊದಲ ಗುರುತು. ಅದನ್ನು ಕಡೆಗಣಿಸಿ ಹೆದ್ದಾರಿಯಲ್ಲಿ ಓಡಿಸಿದರೆ ಪಿಸ್ಟನ್ ಸೀಜ್.

ಮಾಮೂಲಿ ಸಿಲಿಕೋನ್ ಇಲ್ಲಿ ಸೋಲುತ್ತದೆ, ಏಕೆಂದರೆ ಅದು ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ. ಗಟ್ಟಿಯಾದ ಒಂದು ತುಣುಕನ್ನು ಗಾಜಿನ ಶೀಶೆಯಲ್ಲಿ ಪೆಟ್ರೋಲ್ ಹಾಕಿ ಒಂದು ರಾತ್ರಿ ನೆನೆಸಿ ನೋಡಿ. ಬೆಳಿಗ್ಗೆ ಅದು ಊದಿ, ಮೆತ್ತಗಾಗಿ, ಉಗುರಿನಲ್ಲಿ ಹಿಸುಕಿದರೆ ಪುಡಿಪುಡಿಯಾಗುತ್ತದೆ. ಕೇಸಿನ ಒಳಗೂ ಇದೇ ನಡೆಯುತ್ತದೆ. ಒಳಗೆ ಹಿಂಡಿಕೊಂಡ ಅಂಚು ಹುಳುವಿನಂತೆ ಕಿತ್ತು ಬಂದು, ಮಿಶ್ರಣ ಸಿಲಿಂಡರಿಗೆ ಏರುವ ದಾರಿಯಾದ ಟ್ರಾನ್ಸ್‌ಫರ್ ಪೋರ್ಟಿಗೆ ಹೋಗುತ್ತದೆ. ಕೆಲವು ಕಂಪನಿಗಳು ತಮ್ಮ ಮ್ಯಾನುಯಲ್‌ನಲ್ಲೇ ಒಂದು ವಿಶೇಷ ಸಿಲಿಕೋನ್ ಹೆಸರಿಸಿರುತ್ತವೆ. ಅದನ್ನು ಹೇಳಿದಷ್ಟೇ ತೆಳುವಾಗಿ ಹಚ್ಚುವುದು ಬೇರೆ ಮಾತು.

ಇನ್ನೊಂದು ಹಳೆಯ ಅಭ್ಯಾಸ ಶೆಲ್ಲಾಕ್. ಶೆಲ್ಲಾಕ್ ಎಂದರೆ ನಮ್ಮ ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ, ಮರಗೆಲಸದವರು ಸ್ಪಿರಿಟ್‌ನಲ್ಲಿ ನೆನೆಸಿ ಪಾಲಿಶ್ ಮಾಡುವ ಅದೇ ಅರಗು. ಆಯಿಲ್‌ಗೂ ಹಳೆಯ ಕಾಲದ ಪೆಟ್ರೋಲಿಗೂ ಅದು ಜಗ್ಗುತ್ತಿರಲಿಲ್ಲ, ಹಾಗಾಗಿ ಹಿರಿಯ ಮೆಕ್ಯಾನಿಕ್‌ಗಳು ಅದನ್ನು ನಂಬಿದ್ದರಲ್ಲಿ ತಪ್ಪಿಲ್ಲ. ಆದರೆ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ 20% ಎಥನಾಲ್ ಇದೆ. ಎಥನಾಲ್ ಎಂದರೆ ಅರಗನ್ನು ಕರಗಿಸುವ ಆ ಸ್ಪಿರಿಟ್ಟೇ. ಟೂ ಸ್ಟ್ರೋಕ್ ಕ್ರ್ಯಾಂಕ್ ಕೇಸ್‌ಗೆ ಈಗ ಶೆಲ್ಲಾಕ್ ಹಚ್ಚುವುದು ಬೇಡ. ಆಯಿಲ್ ಮಾತ್ರ ತಾಗುವ ಕಡೆ, ಕಾಗದದ ಪ್ಯಾಕಿಂಗ್ (ಗ್ಯಾಸ್ಕೆಟ್) ಜೊತೆಗೆ, ಇನ್ನೂ ನಡೆಯುತ್ತದೆ.

ಹಾಗಾದರೆ ಟೂ ಸ್ಟ್ರೋಕ್‌ಗೆ ಏನು? ಮೂರು ದಾರಿ ಇವೆ. ಮೊದಲನೆಯದು ಯಾಮಾಬಾಂಡ್ 4 ತರಹದ ಅರೆ ಒಣಗುವ ಗಮ್, ಎರಡೂ ಮೈಗೆ ತೆಳುವಾಗಿ ಹಚ್ಚಿ ಅಂಟಂಟಾದ ಮೇಲೆ ಕೂಡಿಸುವಂಥದ್ದು. ಎರಡನೆಯದು ಹೈಲೋಮಾರ್. ರೋಲ್ಸ್ ರಾಯ್ಸ್ ವಿಮಾನ ಇಂಜಿನ್‌ಗಳಿಗಾಗಿ ರೂಪಿಸಿದ ನೀಲಿ ಬಣ್ಣದ ಪಾಲಿಯೂರಿಥೇನ್ ಅದು. ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ, ಪೆಟ್ರೋಲಿಗೂ ಆಯಿಲ್‌ಗೂ ತಡೆಯುತ್ತದೆ, ಅಸಿಟೋನ್‌ನಲ್ಲಿ ಒರೆಸಿದರೆ ಹೋಗುತ್ತದೆ. ಪದೇ ಪದೇ ಬಿಚ್ಚುವ ಇಂಜಿನ್‌ಗೆ ನನ್ನ ಮತ ಇದಕ್ಕೇ. ಮೂರನೆಯದು ಲಾಕ್‌ಟೈಟ್ 518 ತರಹದ ಅನೆರೋಬಿಕ್.

ಅನೆರೋಬಿಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಸಿಲಿಕೋನಿಗೆ ತೀರಾ ಉಲ್ಟಾ ನಡೆಯುತ್ತದೆ. ಸಿಲಿಕೋನ್ ಗಟ್ಟಿಯಾಗಲು ಗಾಳಿಯ ತೇವ ಬೇಕು. ಅನೆರೋಬಿಕ್‌ಗೆ ಗಾಳಿ ಇರಲೇಬಾರದು, ಜೊತೆಗೆ ಲೋಹ ತಾಗಿರಬೇಕು. ಎರಡು ಕೇಸ್ ಮೈ ಕೂಡಿ ಗಾಳಿ ಹೊರಹೋದ ಮೇಲೆ ಸಂದಿಯಲ್ಲಿ ಇರುವುದು ಮಾತ್ರ ಗಟ್ಟಿಯಾಗುತ್ತದೆ. ಒಳಗೆ ಹಿಂಡಿಕೊಂಡದ್ದು ಹಸಿಯಾಗಿಯೇ ಉಳಿದು ಆಯಿಲ್‌ನಲ್ಲಿ ಬೆರೆತು ಹೋಗುತ್ತದೆ, ಯಾವ ತೂತನ್ನೂ ಕಟ್ಟುವುದಿಲ್ಲ. ನನ್ನ ಲೆಕ್ಕದಲ್ಲಿ ಇದರ ಅತಿ ದೊಡ್ಡ ಗುಣ ಇದೇ. ಮಿತಿಗಳೂ ಇವೆ. 518 ತುಂಬಬಲ್ಲ ಸಂದಿ ಹೆಚ್ಚೆಂದರೆ 0.25 ಮಿ.ಮೀ., ತಡೆಯುವ ಬಿಸಿ ಸುಮಾರು 150 ಡಿಗ್ರಿ. ಕಬ್ಬಿಣ, ಹಿತ್ತಾಳೆ ತಾಗಿದರೆ ಬೇಗ ಗಟ್ಟಿಯಾಗುತ್ತದೆ; ಅಲ್ಯೂಮಿನಿಯಂ ಮೇಲೆ ನಿಧಾನ, ಇಡೀ ದಿನ ಬಿಡಬೇಕು, ಅಥವಾ ಅದರದೇ ಪ್ರೈಮರ್ ಒಂದು ಮೈಗೆ ಹಚ್ಚಬೇಕು. ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ. ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ ಹಿಡಿಯುತ್ತದೆ.

ಹಾಗಂತ ಅನೆರೋಬಿಕ್ ಎಲ್ಲ ಕಡೆಗೂ ಸಲ್ಲುವುದಿಲ್ಲ. ಬೀಡು ಕಬ್ಬಿಣದ ಬ್ಲಾಕ್, ಅದರ ಕೆಳಗೆ ಅಲ್ಯೂಮಿನಿಯಂ ಸಂಪ್ (ಆಯಿಲ್ ನಿಲ್ಲುವ ತಳದ ತೊಟ್ಟಿ) ಇರುವ ಇಂಜಿನ್ ತೆಗೆದುಕೊಳ್ಳಿ. ಅರ್ಧ ಮೀಟರ್ ಉದ್ದದ ಜಾಯಿಂಟ್ 80 ಡಿಗ್ರಿಯಷ್ಟು ಬಿಸಿಯೇರಿದರೆ ಅಲ್ಯೂಮಿನಿಯಂ ಸುಮಾರು 0.92 ಮಿ.ಮೀ. ಬೆಳೆಯುತ್ತದೆ, ಕಬ್ಬಿಣ 0.44. ಎರಡೂ ಮೈ ಒಂದರ ಮೇಲೊಂದು ಅರ್ಧ ಮಿಲಿಮೀಟರಿನಷ್ಟು ಜಾರಲು ಎಳೆಯುತ್ತವೆ, ತಣ್ಣಗಾದಾಗ ವಾಪಸ್. ಗಟ್ಟಿ ಪದರ ಇದನ್ನು ತಾಳದೆ ಸೀಳುತ್ತದೆ. ಅಲ್ಲಿ ರಬ್ಬರಿನಂತೆ ಎಳೆಯುವ ನ್ಯೂಟ್ರಲ್ ಸಿಲಿಕೋನೇ ಸರಿ. ತಗಡಿನ ಸಂಪ್‌ಗೂ ಅದೇ, ಏಕೆಂದರೆ ತಗಡು ಬಾಗಿರುತ್ತದೆ. ಬೈಕಿನ ಕ್ರ್ಯಾಂಕ್ ಕೇಸಿನಲ್ಲಿ ಎರಡೂ ಹೋಳು ಅಲ್ಯೂಮಿನಿಯಂ, ಜೊತೆಯಾಗಿ ಬೆಳೆಯುತ್ತವೆ, ಜೊತೆಯಾಗಿ ಕುಗ್ಗುತ್ತವೆ. ಅಲ್ಲಿ ತೆಳು ಪದರ ಸಾಕು.

ತೆಳು ಎಂದರೆ ಎಷ್ಟು ತೆಳು? ಇದೊಂದು ಲೆಕ್ಕ ಮಾಡಿ ನೋಡಿದರೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಜಾಯಿಂಟಿನ ಒಟ್ಟು ಉದ್ದ 1 ಮೀಟರ್, ಮೈಯ ಅಗಲ 10 ಮಿ.ಮೀ., ಬೋಲ್ಟ್ ಬಿಗಿದ ಮೇಲೆ ಉಳಿಯುವ ಸಂದಿ 0.05 ಮಿ.ಮೀ. ಎಂದುಕೊಳ್ಳಿ. ತುಂಬಲು ಬೇಕಾದದ್ದು ಬರೀ ಅರ್ಧ ಮಿ.ಲೀ. 1.5 ಮಿ.ಮೀ. ದಪ್ಪದ ಸೀಲೆಂಟ್ ಎಳೆ ಎಳೆದರೆ ಸುಮಾರು 1.8 ಮಿ.ಲೀ. ಬೀಳುತ್ತದೆ, ಅಂದರೆ ಬೇಕಾದ ಮೂರೂವರೆ ಪಟ್ಟು. 4 ಮಿ.ಮೀ. ಎಳೆ ಎಳೆದಿರೋ, 12.5 ಮಿ.ಲೀ. ಬಿತ್ತು. ಅದರಲ್ಲಿ 12 ಮಿ.ಲೀ. ಹೊರಗೆ ಬರಲೇಬೇಕು, ಅರ್ಧ ನಿಮ್ಮ ಕಣ್ಣೆದುರು, ಇನ್ನರ್ಧ ಕೇಸಿನ ಒಳಗೆ. ಒಂದು ಟೀ ಚಮಚಕ್ಕಿಂತ ಹೆಚ್ಚು ಸಿಲಿಕೋನ್ ಒಳಗೆ ನೇತಾಡುತ್ತಿರುತ್ತದೆ. ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿ ನೀಟಾಗಿ ಕಾಣುವಂತೆ ಮಾಡುತ್ತೇವೆ. ಒಳಗಿನದನ್ನು ಒರೆಸುವವರು ಯಾರು? ಅದು ಕಳಚಿ ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಇಲ್ಲವೇ ಹೆಡ್‌ಗೆ ಆಯಿಲ್ ಹೋಗುವ ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಲೀಕ್ ನಿಂತಿತು, ಕ್ಯಾಮ್ ಶಾಫ್ಟ್ ಹೋಯಿತು.

ಆದ್ದರಿಂದ ಎಳೆ 1 ರಿಂದ 1.5 ಮಿ.ಮೀ. ಮೀರದಿರಲಿ, ಕಾರು, ಟ್ರ್ಯಾಕ್ಟರ್ ಸಂಪ್‌ಗೆ ಮಾತ್ರ 3 ಮಿ.ಮೀ. ಎಳೆಯನ್ನು ಬೋಲ್ಟ್ ತೂತಿನ ಒಳಬದಿಯಿಂದ ತನ್ನಿ. ಒಂದು ಹೋಳಿನಿಂದ ಇನ್ನೊಂದಕ್ಕೆ ಆಯಿಲ್ ದಾಟುವ ತೂತು ಇದ್ದರೆ ಅದರ ಅಂಚಿನಿಂದ 2–3 ಮಿ.ಮೀ. ದೂರ ನಿಲ್ಲಿ, ಅಲ್ಲಿ ಓ ರಿಂಗ್ ಇದ್ದರೆ ಏನೂ ಹಚ್ಚಬೇಡಿ. ಹಳೆಯ ಬುಲೆಟ್‌ನ ಟೈಮಿಂಗ್ ಕವರ್ ಇದಕ್ಕೆ ಒಳ್ಳೆಯ ಉದಾಹರಣೆ. ಆಯಿಲ್ ದಾರಿಗಳು ಆ ಕವರ್ ಮೂಲಕವೇ ಹಾದುಹೋಗುತ್ತವೆ. ಪ್ಯಾಕಿಂಗ್‌ನಲ್ಲಿರುವ ತೂತು ಸಿಲಿಕೋನ್‌ನಿಂದ ಮುಚ್ಚಿದರೆ ಬಿಗ್ ಎಂಡ್‌ಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಬೇರಿಂಗ್) ಆಯಿಲ್ ಇಲ್ಲ.

ಕಾಗದದ ಪ್ಯಾಕಿಂಗ್ ಇದ್ದ ಜಾಗಕ್ಕೆ ಪ್ಯಾಕಿಂಗನ್ನೇ ಹಾಕಿ. "ಸಿಗಲಿಲ್ಲ, ಗಮ್ ಹಾಕಿದೆ" ಎಂಬ ಉತ್ತರ ಎಲ್ಲ ಕಡೆಗೂ ನಡೆಯುವುದಿಲ್ಲ. 0.3 ಮಿ.ಮೀ. ಪ್ಯಾಕಿಂಗ್ ತೆಗೆದು ಗಮ್ ಹಚ್ಚಿದರೆ ಎರಡು ಹೋಳು ಹೆಚ್ಚುಕಡಿಮೆ ಅಷ್ಟೂ ಹತ್ತಿರ ಬರುತ್ತವೆ, ಗೇರ್ ಶಾಫ್ಟ್‌ಗಳ ಉದ್ದುದ್ದ ಆಟ (ಅತ್ತಿತ್ತ ಸರಿಯಲು ಇರುವ ಜಾಗ) ಅಷ್ಟೇ ಕಡಿಮೆಯಾಗುತ್ತದೆ. ಬೋಲ್ಟ್ ಬಿಗಿದಂತೆಲ್ಲ ಶಾಫ್ಟ್ ಕೈಗೆ ಗಡುಸಾಗಿ ತಿರುಗುತ್ತಿದೆ ಎಂದರೆ ಕಾರಣ ಅಲ್ಲೇ ಇದೆ. ಮೊದಲಿನಿಂದಲೂ ಪ್ಯಾಕಿಂಗ್ ಇಲ್ಲದ ಕೇಸ್‌ಗೆ ಪ್ಯಾಕಿಂಗ್ ಕತ್ತರಿಸಿ ಹಾಕುವುದೂ ಇಷ್ಟೇ ತಪ್ಪು.

ಇನ್ನು ಮೈ ಸ್ವಚ್ಛ ಮಾಡುವುದು. ಲೀಕ್ ಆದ ಜಾಯಿಂಟಿಗೆ ಬೈಗುಳ ಸೀಲೆಂಟಿಗೆ ಬೀಳುತ್ತದೆ, ತಪ್ಪು ಸಾಮಾನ್ಯವಾಗಿ ಇಲ್ಲಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಕೇಸ್ ಮೀಟಿದ ಕಡೆ ಅಲ್ಯೂಮಿನಿಯಂ ಏಳುತ್ತದೆ, 0.1 ಮಿ.ಮೀ. ಉಬ್ಬು ಎದ್ದರೂ ಅದರ ಎರಡೂ ಪಕ್ಕ ಸಂದಿ ಬಿಡುತ್ತದೆ. ಬಿಚ್ಚುವಾಗ ರಬ್ಬರ್ ಅಥವಾ ನೈಲಾನ್ ಸುತ್ತಿಗೆಯಿಂದ, ತಟ್ಟಲೆಂದೇ ಬಿಟ್ಟಿರುವ ಉಬ್ಬುಗಳ ಮೇಲೆ ತಟ್ಟಿ. ಹಳೆಯ ಗಮ್ಮನ್ನು ಪ್ಲಾಸ್ಟಿಕ್ ಅಥವಾ ಗಟ್ಟಿ ಮರದ ಚೂಪಿನಿಂದ ಕೆರೆಯಿರಿ. ಹೊಸ ಸಿಲಿಕೋನ್ ಹಳೆಯ ಸಿಲಿಕೋನಿಗೆ ಸರಿಯಾಗಿ ಹಿಡಿಯುವುದಿಲ್ಲ, ಅನೆರೋಬಿಕ್ ಅಂತೂ ಹಿಡಿಯುವುದೇ ಇಲ್ಲ, ಹಾಗಾಗಿ ಪೂರ್ತಿ ಹೋಗಬೇಕು. ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಉಜ್ಜಬೇಡಿ: ಮೈ ತಗ್ಗಾಗುತ್ತದೆ, ಹಾರಿದ ಪುಡಿ ಬೇರಿಂಗಿಗೆ ಇಳಿಯುತ್ತದೆ. ಕಾಸ್ಟಿಕ್ ಸೋಡಾ ನೀರಿನಲ್ಲಿ ಕೇಸ್ ಮುಳುಗಿಸುವುದು ಇನ್ನೂ ಕೆಟ್ಟದ್ದು. ಗುಳ್ಳೆಯೇಳುತ್ತಾ ಕೊಳೆ ಹೋಗುತ್ತಿದೆ ಎಂದುಕೊಳ್ಳುತ್ತೀರಿ. ಹೋಗುತ್ತಿರುವುದು ಅಲ್ಯೂಮಿನಿಯಂ, ಗುಳ್ಳೆ ಹೈಡ್ರೋಜನ್.

ಕೊನೆಯ ಒರೆಸು ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ನೂಲು ಬಿಡದ ಬಟ್ಟೆಯಿಂದ. ಪೆಟ್ರೋಲ್ ಒಣಗಿದ ಮೇಲೂ ಜಿಡ್ಡು ಉಳಿಸುತ್ತದೆ. ಆಮೇಲೆ ದಪ್ಪ ಗಾಜಿನ ಹಲಗೆಯ ಮೇಲೆ ಕೇಸ್ ಬೋರಲು ಹಾಕಿ, ಸುತ್ತ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಹೋಳುಗಳನ್ನು ಸರಿಯಾಗಿ ಕೂರಿಸುವ ಡೋವೆಲ್ ಪಿನ್‌ಗಳನ್ನು ಮೊದಲೇ ತೆಗೆದಿರಬೇಕು. ಎಲ್ಲೂ ಹೋಗದಿದ್ದರೆ ಸರಿ. ಒಂದೆರಡು ಸಣ್ಣ ಉಬ್ಬನ್ನು ಎಣ್ಣೆಗಲ್ಲಿನಿಂದ ಇಳಿಸಬಹುದು. ಇಡೀ ಮೈ ಬಾಗಿದ್ದರೆ ಅದು ಸೀಲೆಂಟಿನ ಕೆಲಸವಲ್ಲ, ಒಳ್ಳೆಯ ಲೇತ್‌ನವರ ಕೆಲಸ. ಚೈನ್ ತುಂಡಾಗಿ ಕೇಸ್ ಸೀಳಿದ್ದರೆ ಎಪಾಕ್ಸಿ ಉಂಡೆ ಮೆತ್ತಬೇಡಿ, ಆರ್ಗಾನ್ ವೆಲ್ಡಿಂಗ್ ಮಾಡಿಸಿ.

ಹಚ್ಚಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂಬುದು ಸೀಲೆಂಟಿನ ಜಾತಿಯ ಮೇಲೆ. ಹೈಲೋಮಾರ್ ಮತ್ತು ಅರೆ ಒಣಗುವ ಗಮ್‌ಗಳಿಗೆ 5–10 ನಿಮಿಷ ಬಿಡಿ, ಒಳಗಿನ ದ್ರಾವಕ ಹಾರಿಹೋಗಲಿ. ಹಸಿಯಾಗಿ ಕೂಡಿಸಿದರೆ ಅದು ಹೊರಬರಲಾಗದೆ ಒಳಗೇ ಉಳಿಯುತ್ತದೆ. ಸಿಲಿಕೋನ್ ಇದಕ್ಕೆ ತದ್ವಿರುದ್ಧ, ಮೇಲೆ ಚರ್ಮ ಕಟ್ಟುವ ಮೊದಲೇ ಕೂಡಿಸಬೇಕು. ಮಳೆಗಾಲದ ಮಂಗಳೂರಿನಲ್ಲಿ ಗಾಳಿಯ ತುಂಬ ತೇವ. ಚರ್ಮ ಬಹಳ ಬೇಗ ಕಟ್ಟುತ್ತದೆ, ಬೋಲ್ಟ್‌ಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ಒಣಹವೆಯ ಬೇಸಿಗೆಯ ಕಲಬುರಗಿಯಲ್ಲಿ ಬಿಸಿಲು ಎಷ್ಟಿದ್ದರೂ ತೇವ ಇಲ್ಲ, ಒಳಗೆ ಗಟ್ಟಿಯಾಗುವುದು ತಡ. ಮಾಮೂಲಿ ಹವೆಯಲ್ಲಿ ದಿನಕ್ಕೆ 2–3 ಮಿ.ಮೀ. ಆಳದಷ್ಟೇ ಗಟ್ಟಿಯಾಗುತ್ತದೆ ಎಂಬ ಲೆಕ್ಕ ಇಟ್ಟುಕೊಂಡು, ಒಂದು ರಾತ್ರಿ ಕಳೆದ ಮೇಲೆ ಆಯಿಲ್ ತುಂಬಿ.

ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಅಡ್ಡಡ್ಡ ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಯಿರಿ. ಅಲ್ಯೂಮಿನಿಯಂನಲ್ಲಿ ಕೂರುವ ಎಂ6 ಬೋಲ್ಟ್‌ಗೆ ಸಾಮಾನ್ಯವಾಗಿ 8–12 ನ್ಯೂಟನ್ ಮೀಟರ್. ಮ್ಯಾನುಯಲ್ ಬೇರೆ ಹೇಳಿದರೆ ಅದೇ ಅಂತಿಮ. ತಳ ಮುಚ್ಚಿದ ತೂತಿನೊಳಗೆ ಸೀಲೆಂಟ್ ಅಥವಾ ಆಯಿಲ್ ತುಂಬಿಕೊಂಡಿದ್ದರೆ ಮೊದಲು ತೆಗೆಯಿರಿ. ಬೋಲ್ಟ್ ಒಳಗೆ ಹೋಗುತ್ತಾ ಅದನ್ನು ಪಂಪಿನಂತೆ ಒತ್ತಿ ಕೇಸನ್ನೇ ಸೀಳಬಲ್ಲದು. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಆದರೆ ಅದರದೇ ಆಯಿಲ್ ಆದ ಎಟಿಎಫ್‌ಗೆ ತಡೆಯುತ್ತದೆ ಎಂದು ಬರೆದಿರುವ ಸೀಲೆಂಟೇ ಬೇಕು. ಅಲ್ಲಿನ ವಾಲ್ವ್ ಬಾಡಿಯ ದಾರಿಗಳು ಬಹಳ ಸಣ್ಣವು, ಒಂದು ಚೂರು ಸಾಕು ಗೇರ್ ಬೀಳದಂತಾಗಲು. ಮತ್ತೆ, ಯಾವುದೇ ಗೇರ್ ಬಾಕ್ಸ್ ಸೋರುತ್ತಿದ್ದರೆ ಬಿಚ್ಚುವ ಮೊದಲು ಬ್ರೀದರ್ ತೂತು ನೋಡಿ. ಅದು ಮಣ್ಣು ಕಟ್ಟಿದ್ದರೆ ಒಳಗೆ ಒತ್ತಡ ಏರಿ ಒಳ್ಳೆಯ ಜಾಯಿಂಟಿನಲ್ಲೂ ಆಯಿಲ್ ಜಿನುಗುತ್ತದೆ.

ಟೂ ಸ್ಟ್ರೋಕ್ ಕೇಸಿನಲ್ಲಿ ಎಲ್ಲರೂ ಹೊರಗಿನ ಅಂಚಿಗೆ ಗಮನ ಕೊಟ್ಟು, ನಡುಗೋಡೆಯನ್ನು ಮರೆಯುತ್ತಾರೆ. ಕ್ರ್ಯಾಂಕ್ ಚೇಂಬರ್ ಮತ್ತು ಗೇರ್ ಬಾಕ್ಸ್ ನಡುವಿನ ಆ ಗೋಡೆ ಕಿರಿದು, ಅದರ ಸೋರಿಕೆ ಹೊರಗೆ ಕಾಣುವುದೂ ಇಲ್ಲ. ಗಾಡಿ ಬಿಳಿ ಹೊಗೆ ಉಗುಳುತ್ತಾ ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಸಿಲಿಂಡರ್ ಕೂರುವ ಜಾಗವೂ ಹಾಗೆಯೇ: ಎರಡು ಹೋಳಿನ ಗೆರೆ ಬೇಸ್ ಪ್ಯಾಕಿಂಗ್‌ಗೆ ಸೇರುವಲ್ಲಿ ಉಬ್ಬಿದ ಗಮ್ಮನ್ನು ಬ್ಲೇಡಿನಿಂದ ಸಮಮಟ್ಟಕ್ಕೆ ಕೊಯ್ಯಬೇಕು.

ಟೂ ಸ್ಟ್ರೋಕ್ ಇಂಜಿನನ್ನು ಫ್ರೇಮಿಗೆ ಏರಿಸುವ ಮೊದಲು ಗಾಳಿ ಹಾಕಿ ಪರೀಕ್ಷಿಸಿ. ಬಿಪಿ ನೋಡುವ ಯಂತ್ರದ ರಬ್ಬರ್ ಬುರುಡೆ ಮತ್ತು ಮೀಟರ್ ಇದ್ದರೆ ಸಾಕು, 300 ಮಿ.ಮೀ. ಪಾದರಸ ಎಂದರೆ ಸುಮಾರು 5.8 ಪಿಎಸ್‌ಐ, ಬೇಕಾದದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಒತ್ತಿದರೆ ಆಯಿಲ್ ಸೀಲ್ ಎದ್ದು ಬರಬಹುದು. ಪಿಸ್ಟನ್ನನ್ನು ಪೂರ್ತಿ ಕೆಳಗೆ ತನ್ನಿ, ಆಗ ಸಿಲಿಂಡರ್ ಮತ್ತು ಕ್ರ್ಯಾಂಕ್ ಚೇಂಬರ್ ಒಂದಾಗುತ್ತವೆ. ಸೈಲೆನ್ಸರ್ ಬಾಯಿಗೂ ಕಾರ್ಬುರೇಟರ್ ಬಾಯಿಗೂ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು, ಮೇಲೆ ತಗಡು ಕೊಟ್ಟು ಬಿಗಿಯಿರಿ. ಪ್ಲಗ್ ತೂತಿನಿಂದ ಗಾಳಿ ಹಾಕಿ 6 ನಿಮಿಷ ನೋಡಿ. ನಿಮಿಷಕ್ಕೆ 50 ಮಿ.ಮೀ.ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರನ್ನು ಬ್ರಷ್‌ನಲ್ಲಿ ಕೇಸಿನ ಗೆರೆಗುಂಟ, ಬೇಸ್ ಸುತ್ತ, ಮ್ಯಾಗ್ನೆಟ್ ಕಡೆಯ ಸೀಲ್‌ಗೆ ಹಚ್ಚಿ, ಗುಳ್ಳೆ ಹುಡುಕಿ. ಎಲ್ಲೂ ಗುಳ್ಳೆ ಇಲ್ಲ, ಮೀಟರ್ ಮಾತ್ರ ಇಳಿಯುತ್ತಿದೆ ಎಂದರೆ ಗೇರ್ ಬಾಕ್ಸಿನ ಬ್ರೀದರ್ ಪೈಪ್ ಮಡಚಿ ಮುಚ್ಚಿ, ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪೊರೆ ಕಟ್ಟಿ. ಪೊರೆ ನಿಧಾನವಾಗಿ ಉಬ್ಬತೊಡಗಿದರೆ ಗಾಳಿ ಗೇರ್ ಬಾಕ್ಸಿಗೆ ದಾಟುತ್ತಿದೆ. ಕ್ಲಚ್ ಕವರ್ ಬಿಚ್ಚಿ, ಪ್ರೈಮರಿ ಗೇರ್ ತೆಗೆದು, ಆ ಕಡೆಯ ಕ್ರ್ಯಾಂಕ್ ಸೀಲ್‌ಗೆ ಸೋಪ್ ಹಚ್ಚಿ ಇನ್ನೊಮ್ಮೆ ಗಾಳಿ ಹಾಕಿ. ಅಲ್ಲಿ ಗುಳ್ಳೆ ಬಂದರೆ ಸೀಲ್ ಬದಲಿಸಿದರೆ ಮುಗಿಯಿತು. ಬರಲಿಲ್ಲವೆಂದರೆ ಸೋರುತ್ತಿರುವುದು ನಡುಗೋಡೆ. ಕೇಸನ್ನು ಮತ್ತೆ ಹೋಳು ಮಾಡಲೇಬೇಕು.